ದೆಮ್ ಅಂದರೆ ಯಾರು

ಡಾಕ್ಟರ್ ಸುಮೇಧಾ ಅವರ ಮಕ್ಕಳ ಕ್ಲಿನಿಕ್ಕಿನಲ್ಲಿ ಜಯಲತಾ ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ಕೋಪರಖೈರಣೆಯ ಅವಳ ಮನೆಯಿಂದ ಅಲ್ಲಿಗೆ ನಡೆದರೆ ಎಂಟೇ ನಿಮಿಷ. ಫೋನ್ ಎತ್ತುವುದು, ಹೆಸರು ಬರೆದುಕೊಳ್ಳುವುದು, ಮಕ್ಕಳ ತೂಕ ನೋಡುವುದು, ಲಸಿಕೆ ಇಟ್ಟ ಎರಡು ಫ್ರಿಜ್‌ಗಳ ಟೆಂಪರೇಚರನ್ನು ಬೆಳಿಗ್ಗೆ ಸಂಜೆ ರಿಜಿಸ್ಟರಿನಲ್ಲಿ ಬರೆಯುವುದು ಅವಳ ಕೆಲಸ. ನಲವತ್ತೇಳನೆಯ ವಯಸ್ಸಿಗೆ ಸಿಕ್ಕ ಮೊದಲ ನೌಕರಿ. ಗಂಡ ಸರ್ವೋತ್ತಮ ಠಾಣೆಯ ನೌಪಾಡಾದ ಒಂದು ವೆಜ್ ಹೋಟೆಲಿನಲ್ಲಿ ಮ್ಯಾನೇಜರು. ಬೆಳಿಗ್ಗೆ ಆರರ ಲೋಕಲ್ ರೈಲು ಹಿಡಿದರೆ ಸಂಜೆಯೇ ಮನೆಗೆ. ಮಗಳು ಅನುಷ್ಕಾ ಖಾರಘರದ ಕಾಲೇಜಿಗೆ ಹೋಗುತ್ತಿದ್ದಳು. ಹಗಲಿಡೀ ಖಾಲಿ ಮನೆಯಲ್ಲಿ ಕೂತು ಸಾಕಾಗಿ ಜಯಲತಾ ತಾನಾಗಿಯೇ ಹೋಗಿ ಕೇಳಿ ಸೇರಿಕೊಂಡಿದ್ದಳು.

ಮಾತಿಗೇನೂ ತೊಂದರೆ ಇರಲಿಲ್ಲ. ತಾಯಂದಿರ ಜೊತೆ ಮರಾಠಿ, ಡಾಕ್ಟರ ಜೊತೆ ಹಿಂದಿ ನಡೆಯುತ್ತಿತ್ತು. ಆದರೆ ಡಾಕ್ಟರ ಮೆಸೇಜುಗಳು ಮಾತ್ರ ಇಂಗ್ಲಿಷಿನಲ್ಲೇ. ಕಾರಿನಲ್ಲಿ ಹೋಗುತ್ತ ಫೋನಿಗೆ ಬಾಯಲ್ಲಿ ಹೇಳಿದರೆ ಅದೇ ಬರೆದು ಕಳಿಸುತ್ತಿತ್ತು. ಉಡುಪಿ ಹತ್ತಿರದ ಕನ್ನಡ ಶಾಲೆಯಲ್ಲಿ ಓದಿದ ಜಯಲತಾಳಿಗೆ ಇಂಗ್ಲಿಷಿನ ದೊಡ್ಡ ಶಬ್ದಗಳ ಹೆದರಿಕೆಯಿಲ್ಲ. ಅಪಾಯಿಂಟ್‌ಮೆಂಟ್, ಇನ್ಫೆಕ್ಷನ್ ಎಲ್ಲ ತರಕಾರಿ ಮಾರುವವನ ಬಾಯಲ್ಲೂ ಇದ್ದವು. ಕಾಡುತ್ತಿದ್ದುದು ಸಣ್ಣ ಸಣ್ಣವು: ಅಪ್, ಆಫ್, ಇನ್, ಔಟ್. ಲುಕ್ ಅಂದರೆ ನೋಡು. ಅದರ ಬೆನ್ನಿಗೆ ಆಫ್ಟರ್ ಬಂದರೆ ನೋಡಿಕೊಳ್ಳುವುದು, ಫಾರ್ ಬಂದರೆ ಹುಡುಕುವುದು. ಅನುಷ್ಕಾ ಒಂದು ನೋಟ್‌ಬುಕ್ಕಿನಲ್ಲಿ ಇಂಥವನ್ನು ಪಟ್ಟಿ ಮಾಡಿ ಕೊಟ್ಟಿದ್ದಳು. ತಿಂಡಿ ಮಾಡುವಾಗ ಅದನ್ನು ಡಬ್ಬಿಗೆ ಒರಗಿಸಿಟ್ಟು ಜಯಲತಾ ಬಾಯಿಪಾಠ ಮಾಡುತ್ತಿದ್ದಳು. ಬಾಯಿಪಾಠ ಇನ್ನೂ 'ಎಲ್' ಅಕ್ಷರದಲ್ಲಿತ್ತು.

ಮೇ ತಿಂಗಳ ಒಂದು ಮಂಗಳವಾರ. ಡಾಕ್ಟರು ಖಾರಘರದ ಒಂದು ಆಸ್ಪತ್ರೆಗೆ ನವಜಾತ ಶಿಶುವೊಂದನ್ನು ನೋಡಲು ಹೋಗಿದ್ದರು. ಹನ್ನೆರಡೂವರೆಗೆ ಅವರ ಮೆಸೇಜ್ ಬಂತು. ಜಯಲತಾ ಎರಡು ಸಲ ಓದಿದಳು. ಎಲೆಕ್ಟ್ರಿಷಿಯನ್ ಒಂದು ಗಂಟೆಗೆ ಎರಡೂ ಫ್ರಿಜ್ ನೋಡಲು ಬರುತ್ತಾನೆ, ಎರಡು ಗಂಟೆಗೆ ಇಬ್ಬರು ಮಕ್ಕಳಿಗೆ ಲಸಿಕೆ ಇದೆ ಎಂಬುದು ಸಲೀಸಾಗಿ ಅರ್ಥವಾಯಿತು. ಕೊನೆಗೆ ಇದ್ದದ್ದು: ಪುಟ್ ದೆಮ್ ಆಫ್ ಟಿಲ್ ಫೋರ್.

ಪುಟ್ ಆಫ್ ಅವಳಿಗೆ ಗೊತ್ತಿತ್ತು. ಲೈಟ್ ಪುಟ್ ಆಫ್ ಮಾಡು, ಫ್ಯಾನ್ ಪುಟ್ ಆಫ್ ಮಾಡು ಅಂತ ಇಡೀ ಹೌಸಿಂಗ್ ಸೊಸೈಟಿಯೇ ಹೇಳುತ್ತದೆ. ದೆಮ್ ಅಂದರೆ ಅವುಗಳನ್ನು. ರಿಪೇರಿಯವನು ಬರುತ್ತಾನೆಂದ ಮೇಲೆ ಫ್ರಿಜ್ ಬಂದ್ ಮಾಡಲೇಬೇಕಲ್ಲ. ಆದರೂ ಒಂದು ಅಳುಕು. ಲಸಿಕೆ ತಂಪಿನಲ್ಲೇ ಇರಬೇಕು, ಬಾಗಿಲು ಸುಮ್ಮನೆ ತೆಗೆಯಬೇಡಿ ಎಂದು ಮೊದಲ ದಿನವೇ ಹೇಳಿದವರು ಇದೇ ಡಾಕ್ಟರು. ನಾಲ್ಕು ಗಂಟೆಯವರೆಗೆ ಬಂದ್ ಮಾಡಿ ಎನ್ನುತ್ತಾರೆಯೇ? ಫೋನ್ ಮಾಡಿದಳು. ರಿಂಗ್ ಆಗಿ ನಿಂತಿತು. ಡಾಕ್ಟರಿಗೆ ನನಗಿಂತ ಹೆಚ್ಚು ಗೊತ್ತಿರುತ್ತದೆ ಎಂದುಕೊಂಡು ಎರಡೂ ಸ್ವಿಚ್ ಆರಿಸಿದಳು. ಮಗಳನ್ನು ಕೇಳದೆ ಇಷ್ಟುದ್ದದ ಮೆಸೇಜ್ ತಾನೇ ಅರ್ಥ ಮಾಡಿಕೊಂಡೆ ಎಂಬ ಒಂದು ಚೂರು ಹೆಮ್ಮೆಯೂ ಇತ್ತು.

ಎಲೆಕ್ಟ್ರಿಷಿಯನ್ ಬಂದ. ಫ್ರಿಜ್‌ಗಳನ್ನು ಗೋಡೆಯಿಂದ ಎಳೆದು, ಬಾಗಿಲು ತೆಗೆದು, ರಬ್ಬರ್ ನೋಡಿದ.

"ಬಂದ್ ಕಾಯ್ಕೋ ಕಿಯಾ, ಮೇಡಂ? ಯಾಕೆ ಬಂದ್ ಮಾಡಿದಿರಿ? ಇಷ್ಟಕ್ಕೆ ಬೇಕಿರಲಿಲ್ಲ" ಎಂದ.

"ಡಾಕ್ಟರು ಹೇಳಿದ್ದು" ಎಂದಳು. ಅವನು ಹೆಗಲು ಕುಣಿಸಿ, ಸಾಮಾನು ಚೀಲಕ್ಕೆ ತುಂಬಿಕೊಂಡು ಹೋದ.

ಎರಡು ಗಂಟೆಗೆ ಸರಿಯಾಗಿ ಘಣಸೋಲಿಯಿಂದ ಮುಕ್ತಾ ಎಂಬ ತಾಯಿ ಮೂರೂವರೆ ತಿಂಗಳ ಮಗುವನ್ನು ಎತ್ತಿಕೊಂಡು ಬಂದಳು. ಡಾಕ್ಟರು ಇನ್ನೂ ಬಂದಿಲ್ಲ ಎಂದು ಜಯಲತಾ ಅವಳನ್ನು ಫ್ಯಾನಿನ ಕೆಳಗೆ ಕೂರಿಸಿದಳು. ಅಷ್ಟರಲ್ಲಿ ಫೋನ್ ಸದ್ದು ಮಾಡಿತು. ಡಾಕ್ಟರ ಮೆಸೇಜ್: ಡಿಡ್ ದೇ ಅಗ್ರೀ?

ಅವು ಒಪ್ಪಿದವೇ? ಯಾವುವು? ಫ್ರಿಜ್ ಒಪ್ಪುವುದುಂಟೇ?

ಜಯಲತಾ ಮೊದಲ ಮೆಸೇಜನ್ನು ಮತ್ತೆ ತೆಗೆದಳು. ಒಪ್ಪಬೇಕಾದವರು ಮನುಷ್ಯರು. ನಾಲ್ಕು ಗಂಟೆಗೆ ಬನ್ನಿ ಎಂದರೆ ಒಪ್ಪಬೇಕಾದವರು, ಇಲ್ಲಿ ಎದುರಿಗೆ ಕೂತಿರುವ ಈ ಹೆಂಗಸು, ಇನ್ನೂ ಬರಬೇಕಾದ ಇನ್ನೊಬ್ಬಳು. ಪುಟ್ ಆಫ್ ಅಂದರೆ ಮುಂದಕ್ಕೆ ಹಾಕುವುದೂ ಹೌದು; ಅವರನ್ನು ಮುಂದಕ್ಕೆ ಹಾಕಿ ಎಂದಿದ್ದರು. ಒಳಗೋಡಿ ಸ್ವಿಚ್ ಹಾಕಿ ಮೀಟರ್ ನೋಡಿದಳು. ಎಂಟು ಡಿಗ್ರಿ ದಾಟಕೂಡದ ಮುಳ್ಳು ಒಂದು ಫ್ರಿಜ್ಜಿನಲ್ಲಿ ಹದಿಮೂರಕ್ಕೆ, ಇನ್ನೊಂದರಲ್ಲಿ ಹದಿನಾಲ್ಕಕ್ಕೆ ನಿಂತಿತ್ತು.

ಫ್ರಿಜ್‌ಗಳು ಗುಂಯ್ ಎನ್ನತೊಡಗಿದವು. ನಾಲ್ಕು ಗಂಟೆಯ ಹೊತ್ತಿಗೆ ಮುಳ್ಳು ಕೆಳಗಿಳಿದಿರುತ್ತದೆ. ಸಂಜೆ ರಿಜಿಸ್ಟರಿನಲ್ಲಿ ಬರೆಯುವವಳು ತಾನೇ. ಎಲೆಕ್ಟ್ರಿಷಿಯನ್ ಹೋಗಿಯಾಯಿತು. ಎಸ್ ಮೇಡಂ, ಅಗ್ರೀಡ್ ಎಂದು ಬರೆದರೆ ಮುಗಿಯಿತು. ಫೋನನ್ನು ಕೈಯಲ್ಲಿ ಹಿಡಿದು ಅವಳು ಅಲ್ಲೇ ಗೋಡೆಗೆ ಆತು ನಿಂತಳು. ಇಷ್ಟು ವರ್ಷಗಳಾದ ಮೇಲೆ ಸಿಕ್ಕ ಕೆಲಸ. ಬಿಟ್ಟು ಹೋದರೆ ಇನ್ನು ಯಾರು ಕೊಡುತ್ತಾರೆ?

ಹೊರಗೆ ಮಗು ಅಳತೊಡಗಿತು. "ತಾಈ, ಜರಾ ಧರಾ" ಎಂದು ಮುಕ್ತಾ ಕರೆದಳು, ಅಕ್ಕಾ, ಸ್ವಲ್ಪ ಹಿಡಿದುಕೊಳ್ಳಿ ಎಂದು. ಅವಳು ಬಾಟಲಿ ತೆಗೆಯುವಷ್ಟು ಹೊತ್ತು ಮಗು ಜಯಲತಾಳ ತೋಳಿನಲ್ಲಿತ್ತು. ಬೆವತ ತಲೆ, ತೊಡೆಯ ಮೇಲೆ ಹೋದ ಸಲದ ಸೂಜಿಯ ಸಣ್ಣ ಗುರುತು. ನಾಲ್ಕು ಗಂಟೆಗೆ ಅದೇ ತೊಡೆಗೆ ಆ ಫ್ರಿಜ್ಜಿನ ಔಷಧ ಹೋಗುತ್ತದೆ. ಮಗುವನ್ನು ತಾಯಿಗೆ ಕೊಟ್ಟು ಅವಳು ಮತ್ತೆ ಡಾಕ್ಟರಿಗೆ ಫೋನ್ ಮಾಡಿದಳು. ಈ ಸಲ ಎತ್ತಿದರು.

"ಮೇಡಂ, ನಾನು ಫ್ರಿಜ್ ಬಂದ್ ಮಾಡಿಬಿಟ್ಟೆ."

"ಯಾವ ಫ್ರಿಜ್?"

"ಎರಡೂ. ಹನ್ನೆರಡೂವರೆಯಿಂದ."

"ಏನನ್ನೂ ಮುಟ್ಟಬೇಡಿ. ಯಾರಿಗೂ ಏನೂ ಕೊಡುವುದಿಲ್ಲ. ನಾನು ಬರುತ್ತೇನೆ" ಎಂದರು.

ಮೂರಕ್ಕೆ ಬಂದ ಡಾಕ್ಟರು ಚಪ್ಪಲಿಯನ್ನೂ ಬಿಡದೆ ಒಳಗೆ ಹೋದರು. ಒಂದೊಂದೇ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟರು. ಕಂಪನಿಯವರಿಗೆ ಫೋನ್ ಮಾಡಿ ವಿಚಾರಿಸಿದರು. ಕೊನೆಗೆ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ, ಬಳಸಬಾರದು ಎಂದು ಮೇಲೆ ದಪ್ಪಕ್ಷರದಲ್ಲಿ ಬರೆದರು. ಅಷ್ಟರಲ್ಲಿ ಬಂದಿದ್ದ ಇನ್ನೊಬ್ಬಳೂ ಸೇರಿ ಇಬ್ಬರು ತಾಯಂದಿರಿಗೂ ಲಸಿಕೆ ಕೆಟ್ಟಿದೆ, ಹೊಸದು ತರಿಸುತ್ತೇನೆ, ಶುಕ್ರವಾರ ಬನ್ನಿ ಎಂದು ಹೇಳಿ ಕಳಿಸಿದರು. ಆಮೇಲೆ ಜಯಲತಾಳ ಕಡೆ ತಿರುಗಿದರು.

"ಲಸಿಕೆಯ ಫ್ರಿಜ್ ಮೂರೂವರೆ ಗಂಟೆ ಬಂದ್ ಮಾಡಿ ಅಂತ ನಾನು ಹೇಳುತ್ತೇನೆ ಅಂತ ನಿಮಗೆ ಅನಿಸಿತೇ, ಜಯಾಜಿ?"

"ಅನುಮಾನ ಬಂತು, ಮೇಡಂ. ಆದರೂ ಮಾಡಿದೆ. ತಪ್ಪು ನನ್ನದೇ." ಫೋನನ್ನು ಮುಂದೆ ಹಿಡಿದಳು. "ಆದರೆ ಇದರಲ್ಲಿ ದೆಮ್ ಅಂದರೆ ಯಾರು? ಬರೀ ಇದನ್ನು ಓದಿದರೆ ನನಗೆ ಈಗಲೂ ತಿಳಿಯುವುದಿಲ್ಲ."

ಡಾಕ್ಟರು ಮೆಸೇಜನ್ನು ಓದಿದರು. ಇನ್ನೊಮ್ಮೆ, ತುಟಿ ಆಡಿಸುತ್ತ ಓದಿದರು. ಕುರ್ಚಿ ಎಳೆದು ಕೂತರು.

"ಸಿಗ್ನಲ್ ಬಿಡುವುದರೊಳಗೆ ಹೇಳಿ ಕಳಿಸಿದ್ದು" ಎಂದರು. ಫೋನನ್ನು ವಾಪಸು ಕೊಟ್ಟು, "ನಾಳೆ ಹತ್ತಕ್ಕೆ ಬನ್ನಿ. ತಡ ಮಾಡಬೇಡಿ" ಎಂದರು. ಅಷ್ಟೇ. ಕ್ಷಮಿಸಿದೆ ಎಂದೂ ಅನ್ನಲಿಲ್ಲ, ಕೆಲಸ ಬಿಡಿ ಎಂದೂ ಅನ್ನಲಿಲ್ಲ.

ಸಂಜೆ ಮನೆಯಲ್ಲಿ ಕೇಳಿದ ಕೂಡಲೇ ಅನುಷ್ಕಾ ನಕ್ಕುಬಿಟ್ಟಳು. ಅಮ್ಮನ ಮುಖ ನೋಡಿ ನಗು ನಿಲ್ಲಿಸಿದಳು. ಸರ್ವೋತ್ತಮ ಚಹಾದ ಲೋಟ ಕೆಳಗಿಟ್ಟು, "ಇಷ್ಟು ಟೆನ್ಶನ್ ಯಾಕೆ ಜಯಾ? ಬೇಡ ಅಂದರೆ ಬಿಟ್ಟುಬಿಡು" ಎಂದ.

"ನೀವು ಹೋಟೆಲಿನಲ್ಲಿ ಒಂದು ಆರ್ಡರ್ ತಪ್ಪಿದರೆ ಬಿಟ್ಟುಬಿಡುತ್ತೀರಾ?" ಎಂದಳು ಜಯಲತಾ. ಅವನು ಮತ್ತೆ ಲೋಟ ಎತ್ತಿಕೊಂಡ.

ಅನುಷ್ಕಾ ನೋಟ್‌ಬುಕ್ ತಂದು ಪಕ್ಕದಲ್ಲಿ ಕೂತಳು. "ಮಮ್ಮಿ, ಗಲತೀ ಮೇರೀ ಭೀ ಹೈ, ನನ್ನದೂ ತಪ್ಪಿದೆ. ನಾನು ನಿನಗೆ ಬರೀ ಪಟ್ಟಿ ಕೊಟ್ಟೆ" ಎಂದು ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಹೇಳಿಕೊಡತೊಡಗಿದಳು. ಪುಟ್ ಆಫ್ ದ ಮೀಟಿಂಗ್ ಅನ್ನಬಹುದು, ಪುಟ್ ದ ಮೀಟಿಂಗ್ ಆಫ್ ಅಂತಲೂ ಅನ್ನಬಹುದು. ಮೀಟಿಂಗ್ ಬದಲು ಇಟ್ ಬಂದರೆ ಮಾತ್ರ ಅದು ನಡುವೆಯೇ ನುಗ್ಗಬೇಕು: ಪುಟ್ ಇಟ್ ಆಫ್. ಪುಟ್ ಆಫ್ ಇಟ್ ಅನ್ನುವಂತಿಲ್ಲ.

"ಯಾಕೆ?"

"ಯಾಕೆ ಅಂದರೆ ಹಾಗೇ."

"ನುಗ್ಗಲಿ. ಆದರೆ ನಡುವೆ ನುಗ್ಗಿದ್ದು ಫ್ರಿಜ್ಜೋ ಮಗುವೋ ಅಂತ ಹೇಗೆ ಗೊತ್ತಾಗಬೇಕು?"

ಅನುಷ್ಕಾ ಪೆನ್ ಕಚ್ಚಿಕೊಂಡು ಮೆಸೇಜನ್ನು ತಿರುತಿರುಗಿಸಿ ನೋಡಿದಳು. "ವಾಕ್ಯದಿಂದ ಗೊತ್ತಾಗುವುದಿಲ್ಲ. ಪೂಛನಾ ಪಡೇಗಾ. ನಾನಾಗಿದ್ದರೂ ಕೇಳಲೇಬೇಕಾಗುತ್ತಿತ್ತು."

ಆ ಮಾತು ಜಯಲತಾಳಿಗೆ ಎಷ್ಟೋ ಸಮಾಧಾನ ಕೊಟ್ಟಿತು.

ಮರುದಿನದಿಂದ ಡಾಕ್ಟರ ಮೆಸೇಜುಗಳಲ್ಲಿ ಹೆಸರುಗಳು ಬರತೊಡಗಿದವು. ಫ್ರಿಜ್ ಎಂದರೆ ಫ್ರಿಜ್, ಮುಕ್ತಾ ಎಂದರೆ ಮುಕ್ತಾ.

ಶುಕ್ರವಾರ ಮುಕ್ತಾ ಮಗುವಿನೊಂದಿಗೆ ಬಂದಾಗ ಜಯಲತಾ, ಯಾರೂ ಹೇಳು ಎನ್ನದಿದ್ದರೂ, ಫ್ರಿಜ್ ಬಂದ್ ಮಾಡಿದ್ದು ತಾನೇ ಎಂದು ತಿಳಿಸಿದಳು. ಮುಕ್ತಾಳ ಮುಖ ಬಿಗಿಯಿತು.

"ನಿಮ್ಮ ತಪ್ಪನ್ನು ನೀವು ನೋಡದೇ ಇದ್ದಿದ್ದರೆ?"

ಜಯಲತಾ ಒಳಗಿನ ಬಾಗಿಲು ತೆರೆದು ಹಿಡಿದಳು. ಮುಕ್ತಾ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಸೂಜಿ ಚುಚ್ಚಿದ ಕೂಡಲೇ ಹೊರಗಿನವರೆಲ್ಲ ತಲೆ ಎತ್ತುವಷ್ಟು ಜೋರಾಗಿ ಮಗು ಕಿರುಚಿತು. ಹೊರಗೆ ಬಂದ ಮುಕ್ತಾ ಮುಂದಿನ ಲಸಿಕೆಯ ದಿನ ಕೇಳಿದಳು. ಜಯಲತಾ ಕಾರ್ಡಿನಲ್ಲಿ ತಾರೀಖು ಬರೆದಳು. ಬೆಳಗಿನ ಹೊತ್ತು ಕೊಡಿ, ಮಧ್ಯಾಹ್ನ ಬಿಸಿಲು ಜಾಸ್ತಿ ಎಂದಳು ಮುಕ್ತಾ. ಜಯಲತಾ ಹನ್ನೊಂದು ಗಂಟೆ ಎಂದು ಬರೆದು ಕೊಟ್ಟಳು.