ಅಕ್ಕನ ಅಂಗಾಲು

“ಸುಳ್ಳು ಹೇಳ್ಬೇಡ ಅಕ್ಕ. ನಡೆದಿದ್ದೀಯ. ನಡೀದೆ ಗಾಯ ಹೀಗೆ ಬಾಯಿ ಬಿಡೋದಿಲ್ಲ.”

“ನಡೆದಿದ್ರೆ ನನ್ನ ಕಾಲು ಬಿದ್ದುಹೋಗ್ಲಿ ಕಣೋ.”

“ಅದಕ್ಕೆ ನೀನು ಆಣೆ ಇಡೋದೇ ಬೇಡ. ಹೀಗೇ ಇದ್ರೆ ತಾನಾಗೇ ಹೋಗುತ್ತೆ.”

ಆಸ್ಪತ್ರೆಯ ಫಿಸಿಯೋ ಇದನ್ನು ಹೇಳಿದ್ದು ಪರದೆಯ ಆಚೆ ಕಾಯುತ್ತಿದ್ದವರಿಗೂ ಕೇಳುವಷ್ಟು ಜೋರಾಗಿ. ಅವನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಬಿದ್ದವರನ್ನು ಎಬ್ಬಿಸಿ ನಡೆಸುವುದು, ಒಣಗದ ಗಾಯ ತೊಳೆದು ಪಟ್ಟಿ ಕಟ್ಟುವುದು, ಎರಡೂ ಅವನ ಕೆಲಸ. ಎರಡನ್ನೂ ಬೈದುಕೊಂಡೇ ಮಾಡುತ್ತಿದ್ದ. ಬೈಸಿಕೊಂಡವರು ಬೇಗ ಗುಣವಾಗುತ್ತಾರೆ ಅನ್ನುವುದು ಅವನ ಗಟ್ಟಿ ನಂಬಿಕೆ. ನಿಮ್ಮ ಬಾಯಿಂದ ತಪ್ಪಿಸಿಕೊಳ್ಳಲಿಕ್ಕೇ ಗುಣವಾಗ್ತಾರೆ ಅನ್ನುವುದು ಅವನ ಹೆಂಡತಿಯ ನಂಬಿಕೆ.

ಅಕ್ಕ ಟೈಲರ್. ಸಕ್ಕರೆ ಕಾಯಿಲೆ ಅವಳ ಅಂಗಾಲಿನ ನೋವನ್ನೆಲ್ಲ ನುಂಗಿಬಿಟ್ಟಿತ್ತು. ಹೆಬ್ಬೆರಳ ಬುಡದಲ್ಲಿ ಹುಣ್ಣಾಗಿದೆ ಅಂತ ಗೊತ್ತಾದದ್ದೇ ನೆಲದ ಮೇಲಿನ ಕಲೆ ನೋಡಿ. ಬೆರಳು ತೆಗೆಯೋಣ ಎಂದಿದ್ದರು ಸರ್ಜನ್. ನನ್ನ ಕೈಗೆ ಬಿಡಿ, ಒಣಗಿಸಿ ತೋರಿಸ್ತೀನಿ ಅಂತ ತಮ್ಮನಾದ ಫಿಸಿಯೋ ಎದೆ ತಟ್ಟಿಕೊಂಡಿದ್ದ. ಹುಣ್ಣಿನ ಮೇಲೆ ಭಾರ ಬೀಳದಂತೆ ಹಿಮ್ಮಡಿಯ ಮೇಲಷ್ಟೇ ನಿಲ್ಲುವ ಒಂದು ಕುರೂಪಿ ಚಪ್ಪಲಿ ಕೊಡಿಸಿದ್ದ. ಗಾಯ ಚಿಕ್ಕದಾಗುತ್ತಾ ಬಂದಾಗ ಕಂಡಕಂಡವರ ಮುಂದೆಲ್ಲ ಕೊಚ್ಚಿಕೊಂಡಿದ್ದ. ಈಗ ಅದು ಮತ್ತೆ ಕೆಂಪಗೆ ತೆರೆದುಕೊಂಡಿತ್ತು. ಸುತ್ತ ಚರ್ಮ ಜಡ್ಡುಗಟ್ಟಿತ್ತು. ಮಧ್ಯಾಹ್ನ ಸರ್ಜನ್ ನೋಡುವವರಿದ್ದರು.

ಜಡ್ಡು ಹೆರೆಯುತ್ತಲೇ ಪೊಲೀಸನ ಹಾಗೆ ವಿಚಾರಣೆ ನಡೆಸಿದ. ಅಂಗಡಿಗೆ ಹೋಗಿದ್ದೆಯಾ ಎಂದರೆ ಅಳಿಯ ತಂದುಕೊಡುತ್ತಾನೆ ಎಂದಳು. ಬಚ್ಚಲಿಗೂ ಚಪ್ಪಲಿ ಹಾಕಿಯೇ ಹೋಗುತ್ತಾಳಂತೆ. ಹಾಗಾದರೆ ದಿನವೆಲ್ಲ ಏನು ಮಾಡುತ್ತೀಯ ಎಂದು ರೇಗಿದ.

“ಕೂತು ನೀನು ಹೇಳಿದ್ದೇ ಮಾಡ್ತೀನಿ. ಪಾದದ ಕೀಲು ಬಿಗೀಬಾರ್ದು, ಹೊಲಿಗೆ ಮೆಷಿನ್ ತುಳಿದ ಹಾಗೆ ಆಡಿಸ್ತಿರು ಅಂದ್ಯಲ್ಲ. ತುಳಿದ ಹಾಗೆ ಯಾಕೆ, ಮೆಷಿನ್ನೇ ಇದೆಯಲ್ಲ ಅಂತ ಚಪ್ಪಲಿ ಬಿಚ್ಚಿ ಅದನ್ನೇ ತುಳಿದೆ. ನಿನ್ನ ಈ ಪ್ಯಾಂಟೂ ಹಾಗೇ ಹೊಲಿದದ್ದು.”

ಫಿಸಿಯೋ ಬಗ್ಗಿ ತನ್ನ ಪ್ಯಾಂಟಿನ ಅಂಚು ನೋಡಿಕೊಂಡ. ಉದ್ದ ಕಡಿಮೆ ಮಾಡಿಕೊಡು ಅಂತ ತಾನೇ ಕೊಟ್ಟದ್ದು. ಹೊಲಿಗೆ ನೆಟ್ಟಗೆ, ಚೆನ್ನಾಗಿ ಬಂದಿತ್ತು. ಇದೇ ಪ್ಯಾಂಟು ತೊಟ್ಟು ಹಿಂದಿನ ಸಲ ಅವಳಿಗೆ ವಿಶ್ರಾಂತಿಯ ಬಗ್ಗೆ ಭಾಷಣ ಬಿಗಿದಿದ್ದ, ಮಹಾನುಭಾವ. ಮಂಚದ ಮೇಲೆ ಕಾಲು ಚಾಚಿ, ಪಾದ ಗಾಳಿಯಲ್ಲಿ ಆಡಿಸಬೇಕು ಅಂತ ಬಿಡಿಸಿ ಹೇಳಬೇಕಿತ್ತು. ಹೇಳಿರಲಿಲ್ಲ. ಬಂದವರಿಗೆಲ್ಲ ಒಪ್ಪಿಸುವ ಪಾಠವನ್ನೇ ಅವಳಿಗೂ ಒಪ್ಪಿಸಿದ್ದ. ಮನೆಯಲ್ಲಿ ಮೆಷಿನ್ ಇದ್ದವಳು ಅವಳೊಬ್ಬಳೇ.

ತಪ್ಪಾಯ್ತು ಅನ್ನುವ ಮಾತು ಗಂಟಲವರೆಗೆ ಬಂತು. ಅಷ್ಟರಲ್ಲಿ ಪರದೆಯ ಆಚೆ ಯಾರೋ ಕಿಸಕ್ಕೆಂದರು. ಅವನ ಸಿಟ್ಟು ನೆತ್ತಿಗೇರಿತು.

“ಬುದ್ಧಿ ಇರೋರು ಯಾರಾದ್ರೂ ಹಾಗೆ ತುಳೀತಾರಾ? ಈಗ ಬೆರಳು ಹೋದ್ರೆ ಸರ್ಜನ್ ಮುಂದೆ ನನ್ನ ಹೆಸರೇನಾಗ್ಬೇಕು?”

ಅಕ್ಕ ಪಟ್ಟಿಯ ಸುರುಳಿ ಎತ್ತಿ ಅವನ ಮುಂದೆ ಹಿಡಿದಳು.

“ಬೆರಳು ನಂದು ಕಣೋ. ನಿನ್ನ ಹೆಸರಿಗೆ ನೀನು ಪಟ್ಟಿ ಕಟ್ಕೋ.”

ಅವನು ಡ್ರೆಸಿಂಗ್ ಮುಗಿಸಿದ. ಗಾಲಿಕುರ್ಚಿ ಎಳೆದು ತಂದ. ಅವಳು ಅದನ್ನು ಪಕ್ಕಕ್ಕೆ ತಳ್ಳಿ, ಚಪ್ಪಲಿ ಹಾಕಿಕೊಂಡು, ಕೋಲು ಹಿಡಿದು ಹೊರಟಳು. ಹಿಮ್ಮಡಿಯ ಮೇಲೇ ಭಾರ; ಅವನು ಕಲಿಸಿದ್ದಕ್ಕೆ ಕೂದಲೆಳೆಯಷ್ಟೂ ತಪ್ಪಿಲ್ಲ. ಒಂದು ಒಳ್ಳೆಯ ಮಾತು ಹೇಳಬೇಕೆನಿಸಿತು. ಬಾಯಿಂದ ಬಂದದ್ದು, “ನೆಲ ನೋಡ್ಕೊಂಡು ಹೋಗು.” ಅದೂ ಬೈದ ಹಾಗೇ ಕೇಳಿಸಿತು. ಅವಳು ತಿರುಗಲಿಲ್ಲ.

ಸಿಟ್ಟಿಳಿದರೆ ಬರುತ್ತಾಳೆ ಅಂತ ಅವನು ಮಂಚ ಖಾಲಿ ಇಟ್ಟುಕೊಂಡು, ಕಾದವರಿಗೆಲ್ಲ ಇನ್ನೂ ಸ್ವಲ್ಪ ಇರಿ ಅಂತ ಗದರಿದ. ಮಧ್ಯಾಹ್ನ ಸರ್ಜನ್ ಇರುವ ಮೇಲಿನ ಮಹಡಿಯಿಂದ ನರ್ಸ್ ಇಳಿದು ಬಂದು, ಬೆರಳನ್ನು ಸದ್ಯಕ್ಕೆ ತೆಗೆಯುವುದಿಲ್ಲವೆಂದೂ ಇನ್ನು ಮುಂದೆ ಡ್ರೆಸಿಂಗ್ ತಾನೇ ಮಾಡುವುದೆಂದೂ ಹೇಳಿದಳು. ಡ್ರೆಸಿಂಗ್ ನೀನು ಮಾಡು ಅಂತ ಯಾರು ಹೇಳಿದ್ದು, ಸರ್ಜನ್ನಾ ಎಂದು ಕೇಳಿದ.

“ಅಲ್ಲ ಸರ್, ನಿಮ್ಮಕ್ಕ.”

ಅಕ್ಕ ಮತ್ತೆ ಆ ಪರದೆ ಸರಿಸಿ ಒಳಗೆ ಬರಲಿಲ್ಲ.