ಟಿಕೆಟ್ ಕಿಟಕಿ ಇದ್ದ ಬದಿ

ಸಹೃದಯರೇ, ಸಾಮ್ರಾಜ್ಯಗಳ ಸರಹದ್ದಿಗಿಂತಲೂ ಗುರುತರವಾದ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ: ಮೊಗ್ರಾಲ್ ದಾಟಿದ ಮೇಲೆ ಸಿಗುವ ನಮ್ಮ ಸಣ್ಣ ಪೇಟೆಯಲ್ಲಿ, ಈಗ ಇಲ್ಲದ ಟಾಕೀಸಿನ ಟಿಕೆಟ್ ಕಿಟಕಿ ಯಾವ ಬದಿಗಿತ್ತು?

ಮಳೆ ತೊಳೆದಿಟ್ಟ ಆಕಾಶದಿಂದ ಇಳಿಬಿಸಿಲು ಜರಿಯಂಚಿನಂತೆ ಜಾರಿ, ಕೋಟೆಯ ಹಾಗೆ ಎದ್ದ ಹೆದ್ದಾರಿಯ ಕಾಂಕ್ರೀಟು ಗೋಡೆಯ ನೆತ್ತಿಯನ್ನಷ್ಟೇ ಸವರುತ್ತಿತ್ತು... ಒಂದು ಕಾಲದಲ್ಲಿ ಅದೇ ಬಿಸಿಲು ಟಾಕೀಸಿನ ಹೆಂಚು, ಗೋಲಿಸೋಡಾದ ಬಾಟಲಿ, ಬೀಡಿ ಡಿಪೋದ ಜಗಲಿ, ಎಲ್ಲವನ್ನೂ ವಿಚಾರಿಸಿಕೊಂಡೇ ಕಡಲಿಗಿಳಿಯುತ್ತಿತ್ತು. ರಸ್ತೆ ಅಗಲವಾಯಿತು, ಕಟ್ಟಡಗಳು ಹೋದವು. ಹೆಸರುಗಳು ಮಾತ್ರ ಪರಿಹಾರ ಪಡೆದು ತೆರಳಲು ಒಪ್ಪಲಿಲ್ಲ! ಇಂದಿಗೂ ನಮ್ಮವರು ದಾರಿ ಹೇಳುವುದು ಇಲ್ಲದ ಕಟ್ಟಡಗಳನ್ನು ಹಿಡಿದೇ. ಇರುವ ಕಟ್ಟಡದ ಗುರುತು ಹೇಳಿದವನು ಪರವೂರಿನವನೆಂದೇ ಅರ್ಥ.

ಆದ್ದರಿಂದ ಜಲಜಾಕ್ಷಿ "ಟಿಕೆಟ್ ಕಿಟಕಿಯ ಹತ್ತಿರ ಬನ್ನಿ" ಎಂದಾಗ ಹರಿನಾಥನಿಗೆ ಸಂಶಯವೇ ಬರಲಿಲ್ಲ. ಟಾಕೀಸಿನ ಮಾಳಿಗೆಯಲ್ಲಿ ಅವಳು ರವಿಕೆ ಹೊಲಿಯುತ್ತಿದ್ದಳು. ಕೆಳಗಿನ ಜಗಲಿಯಲ್ಲಿ ಅವನು ವಾಚು ರಿಪೇರಿ ಮಾಡುತ್ತಿದ್ದ. ಕಟ್ಟಡ ಬಿದ್ದ ಮೇಲೆ ಅವಳು ಪುತ್ತಿಗೆ ಸೇರಿದಳು, ಅವನು ಮೊಗ್ರಾಲಿನ ಕಡಲಬದಿಗೆ ಹೋದ. ನಲವತ್ತು ದಾಟಿದವರ ಆ ಅನುರಾಗ, ಗಾಳಿಗೆ ಕೈಯೊಡ್ಡಿ ಕಾಪಾಡಿದ ಹಣತೆಯಂತೆ, ಫೋನಿನಲ್ಲಿ ಮಾತ್ರ ಉರಿಯುತ್ತಿತ್ತು... ಇಂದು ಐದು ಗಂಟೆಗೆ ಅವಳ ಅಣ್ಣ ಬೇರೊಂದು ಮನೆಯವರಿಗೆ ಅವಳ ಮದುವೆಯ ಮಾತು ಕೊಡುವವನು. ಅದಕ್ಕೆ ಮೊದಲು ಹರಿನಾಥ ಎದುರು ನಿಂತು, ಮುಖ ನೋಡಿ ಕೇಳಬೇಕು. ಇಲ್ಲದಿದ್ದರೆ ಅವಳು ಅಣ್ಣನಿಗೆ "ಆಗಲಿ" ಎಂದುಬಿಡುವವಳು.

ಐದಾಗುತ್ತ ಬಂದಿತ್ತು. ಅವಳು ಫೋನು ಮಾಡಿದಳು.

"ಎಲ್ಲಿದ್ದೀರಿ?"

"ಕಿಟಕಿಯ ಹತ್ತಿರವೇ. ನೀನೆಲ್ಲಿ?"

"ನಾನೂ ಅಲ್ಲೇ. ನಿಮ್ಮ ನೆರಳೂ ಕಾಣುವುದಿಲ್ಲ. ವಾಚು ರಿಪೇರಿಯವರು ನೀವು, ಒಂದು ದಿನವಾದರೂ ಸಮಯಕ್ಕೆ ಬಂದದ್ದುಂಟಾ?"

"ದೇವರಾಣೆ ಬಂದಿದ್ದೇನೆ ಮಾರಾಯ್ತಿ! ನಿಂತು ನಿಂತು ಕಾಲಿಗೆ ಬೇರು ಬಂತು."

"ಮನೆಯಲ್ಲಿ ಕೂತು ಹೇಳುವ ಸುಳ್ಳು ನನಗೆ ಗೊತ್ತಾಗುವುದಿಲ್ಲ ಅಂತ ಎಣಿಸಿದಿರಾ? ಅಣ್ಣನ ಫೋನು ಬರುತ್ತಿದೆ. ಇಡುತ್ತೇನೆ."

ಅವಳ ಬೆರಳು ಗುಂಡಿಯತ್ತ ಸರಿಯಿತು... ಅಷ್ಟರಲ್ಲಿ, ವಾಹನಗಳ ಆರ್ಭಟದ ನಡುವೆ ದೊರೆತ ಒಂದು ಬಿಡುವಿನಲ್ಲಿ, ಮೀನು ಮಾರುವವನ ಸ್ಕೂಟರಿನ ಪೋಂ ಪೋಂ! ಅವಳ ಒಂದು ಕಿವಿಗೆ ಅದು ಫೋನಿನಿಂದ ಕೇಳಿತು. ಇನ್ನೊಂದಕ್ಕೆ, ಹೆದ್ದಾರಿಯ ಆಚೆಯಿಂದ.

ಟಾಕೀಸು ನಿಂತಿದ್ದುದು ಈಗಿನ ಹೆದ್ದಾರಿಯ ನಟ್ಟನಡುವೆ. ಕಡಲ ಕಡೆಯಿಂದ ಬಂದವನು ಪಡುವಣ ಗೋಡೆಯ ಬುಡದಲ್ಲಿ, ಪುತ್ತಿಗೆಯಿಂದ ಬಂದವಳು ಮೂಡಣ ಗೋಡೆಯ ಬುಡದಲ್ಲಿ... ಇಬ್ಬರೂ ತಪ್ಪದೆ ಬಂದು, ಸರಿಯಾದ ಜಾಗದಲ್ಲೇ ನಿಂತಿದ್ದರು!

"ಆಚೆ ಬದಿಯಲ್ಲಿದ್ದೀರಿ ನೀವು," ಎಂದಳು ಜಲಜಾಕ್ಷಿ.

"ನಿಲ್ಲು, ಓಡಿ ಬರುತ್ತೇನೆ!"

"ಬೇಡ. ನೀವು ಓಡಿದರೆ ಆರು ಗಂಟೆಯಾಗುತ್ತದೆ. ನಿಂತಲ್ಲೇ ನಿಲ್ಲಿ. ನಾನೇ ಬರುತ್ತೇನೆ."

ಸೆರಗು ಬಿಗಿದು ಅವಳು ಅಂಡರ್‌ಪಾಸಿನ ಕತ್ತಲೆ ಹೊಕ್ಕಳು. ಕೈಯಲ್ಲಿ ಅಣ್ಣನ ಕರೆ ಮೊಳಗುತ್ತಲೇ ಇತ್ತು, ಅವಳು ಎತ್ತಲಿಲ್ಲ.

ಕಟ್ಟಡಗಳನ್ನು ಕೆಡವಲು ಯಂತ್ರವೊಂದು ಸಾಕು... ಆದರೆ ಮನುಷ್ಯಹೃದಯ ಒಮ್ಮೆ ಕಾದುನಿಂತ ಜಾಗ, ಸೂರ್ಯಾಸ್ತದ ನಂತರವೂ ಬೆಚ್ಚಗಿರುವ ಜಗಲಿಕಲ್ಲಿನಂತೆ, ಯಾವ ನಕ್ಷೆಗೂ ಸಿಗದೆ ಉಳಿದೇ ಇರುತ್ತದೆ.

ಐದಕ್ಕೆ ಮೊದಲೇ ಹರಿನಾಥ ಕೇಳಿದ. ಜಲಜಾಕ್ಷಿ ಆಗಲಿ ಎಂದಳು. ಆಮೇಲೆ ಅಣ್ಣನ ಫೋನು ಎತ್ತಿದಳು.