ಎರಡು ಆಯ್ತಾರ

ಹೊರಗಿನಿಂದ ಬೀಗ ಬಿದ್ದ ಸದ್ದು ಕೇಳಿದ ಮೇಲೆಯೇ ಡೊರೊತಿಯಮ್ಮನ ದಿನ ಶುರುವಾಗುತ್ತಿದ್ದುದು. ಮಗ ಸ್ಟ್ಯಾನ್ಲಿ, ಸೊಸೆ ಜೇನ್ ಇಬ್ಬರಿಗೂ ರೂವಿಯಲ್ಲಿ ಆಫೀಸು. ಮಂಗಳೂರಿನಿಂದ ಅರಬರ ನಾಡಿನ ಹಮ್ರಿಯಾದ ಈ ಫ್ಲಾಟಿಗೆ ಬಂದ ಹೊಸದರಲ್ಲಿ ಅವಳೊಮ್ಮೆ ಕರಿಬೇವು ತರಲು ಕೆಳಗಿಳಿದು, ಒಂದೇ ಅಚ್ಚಿನ ಬಿಳಿ ಕಟ್ಟಡಗಳಲ್ಲಿ ತನ್ನದು ಯಾವುದೆಂದು ತಿಳಿಯದೆ ಸುಡುಬಿಸಿಲಲ್ಲಿ ಕೂತುಬಿಟ್ಟಿದ್ದಳು. ಯಾರೋ ಪುಣ್ಯಾತ್ಮ ಟ್ಯಾಕ್ಸಿಯವನು ಮನೆ ಮುಟ್ಟಿಸಿದ. ಅಂದಿನಿಂದ ಬೀಗ. ಪ್ರೀತಿಯಿಂದಲೇ ಹಾಕಿದ್ದು, ಆದರೆ ಪ್ರೀತಿಯಿಂದ ಹಾಕಿದ್ದೆಂದು ಕಬ್ಬಿಣ ಮೆತ್ತಗಾಗುತ್ತದೆಯೇ?

ಎದುರು ಫ್ಲಾಟಿನ ನಫೀಸತ್, ಉಳ್ಳಾಲದ ಬ್ಯಾರಿ ಹೆಂಗಸು, ಬಾಗಿಲ ಸಂದಿಗೆ ಮುಖವಿಟ್ಟು ಮಾತಾಡಿಸುತ್ತಿದ್ದಳು.

"ಬಾಯಮ್ಮಾ, ಒಳಗೆ ಉಂಟಾ?"

"ಇಲ್ಲದೆ ಎಲ್ಲಿಗೆ ಹೋಗ್ಲಿ? ಹೊಗೆ ಆಗಿ ಕಿಟಕಿಯಲ್ಲಿ ಹಾರ್ಲಾ?"

"ಗಂಜಿ ಕುಡಿದ್ರಾ?"

"ಇಲ್ಲ ಮಾರಾಯ್ತಿ. ನಾಲಿಗೆ ತುಂಬ ಹುಣ್ಣು. ಉಪ್ಪು ತಾಗಿದ್ರೆ ಕೆಂಡ ಇಟ್ಟ ಹಾಗೆ."

"ಜೇನಮ್ಮನಿಗೆ ಹೇಳ್ಲಾ?"

"ನಿನ್ನ ಕಾಲಿಗೆ ಬೀಳ್ತೇನೆ, ಹೇಳ್ಬೇಡ. ಹೇಳಿದ್ರೆ ರೆಸ್ಟ್ ಮಾಡಿ ಅಂತ ಪೂಜೆಗೂ ಕರ್ಕೊಂಡು ಹೋಗುದಿಲ್ಲ ಅವಳು."

ಒಳಗಿದ್ದವಳಿಗೆ ವಾರದಲ್ಲಿ ಉಳಿದಿದ್ದುದು ಎರಡೇ ಬಗೆಯ ದಿನ: ಬೀಗದ ದಿನ, ಪೂಜೆಯ ದಿನ. ಪೂಜೆಯ ದಿನವೆಂದರೆ ಕಪಾಟಿನಿಂದ ಒಳ್ಳೆಯ ಸೀರೆ ಇಳಿಯುತ್ತಿತ್ತು, ಬಾಗಿಲು ತೆರೆಯುತ್ತಿತ್ತು, ಇಗರ್ಜಿಯಲ್ಲಿ ದೇವರ ಎದುರು ಮೊಣಕಾಲೂರಿ ಅಳಬಹುದಿತ್ತು. ಮನೆಗೆ ಬಂದೊಡನೆ ಅವಳು ಜಪಸರದ ಡಬ್ಬಿ ತೆರೆದು, ಶಿಲುಬೆಯ ಗುರುತು ಹಾಕಿ, ಒಂದು ಹಳದಿ ಗುಳಿಗೆ ನುಂಗುತ್ತಿದ್ದಳು. "ಗಂಟುನೋವಿಗೆ ಇದು ವಾರಕ್ಕೊಂದೇ, ಬಾಯಮ್ಮ. ಆಯ್ತಾರ ಪೂಜೆ ಮುಗಿಸಿ ಬಂದು ತಗೊಳ್ಳಿ, ಆಗ ಮರೆಯುವುದಿಲ್ಲ" ಎಂದು ಊರಿನ ಡಾಕ್ಟರು ಹೇಳಿದ್ದರು. ಅವಳು ಮರೆತದ್ದಿಲ್ಲ.

ಆ ವಾರ ಇಗರ್ಜಿಯಲ್ಲಿ ಪಾದ್ರಿಗಳು ಪರಮಪ್ರಸಾದವನ್ನು ನಾಲಿಗೆಯ ಮೇಲಿಟ್ಟಾಗ ಅವಳ ಕಣ್ಣಲ್ಲಿ ನೀರು ಚಿಮ್ಮಿತು. ದೇವರನ್ನು ಉಗುಳಲಾದೀತೇ? ಸೆರಗು ಕಚ್ಚಿಕೊಂಡು ನುಂಗಿದಳು. ಸೆರಗಿಗಂಟಿದ ರಕ್ತ ಜೇನ್ ಕಣ್ಣಿಗೆ ಬಿತ್ತು.

ಮನೆಯಲ್ಲಿ ಡೊರೊತಿಯಮ್ಮ ಎಂದಿನಂತೆ ಡಬ್ಬಿ ತೆರೆದಳು. ಜೇನ್ ಕೈ ಹಿಡಿದಳು.

"ಏನಿದು ಮಾಂಯ್?"

"ಆಯ್ತಾರದ ಗುಳಿಗೆ."

"ಊರಿಂದ ತಂದದ್ದು ಇನ್ನೂ ಉಂಟಾ? ಮುಗಿಯಿತು ಅಂತ ನಾನು ಇಲ್ಲೇ ತಂದು ಆಯ್ತಾರ ಆಯ್ತಾರ ಬೆಳಿಗ್ಗೆ ಕೊಡ್ತಾ ಇದ್ದೇನಲ್ಲ!"

"ನೀನು ಅಂಗೈ ತುಂಬ ಕೊಡ್ತಿ, ನಾನು ಕಣ್ಣು ಮುಚ್ಚಿ ನುಂಗ್ತೇನೆ. ಯಾವುದು ಯಾವುದಂತ ನನಗೆಂಥ ಗೊತ್ತು? ಇದು ಆಯ್ತಾರದ್ದು, ಅದನ್ನು ನಾನೇ ತಗೊಳ್ಳುದು."

"ಇವತ್ತು ಶುಕ್ರವಾರ, ಮಾಂಯ್."

"ಪೂಜೆ ಆಯ್ತಲ್ಲ ಮಗಾ! ಪೂಜೆ ಇದ್ದ ದಿನವೇ ಆಯ್ತಾರ."

ಜೇನ್ ಡಬ್ಬಿಯನ್ನು ತನ್ನ ಕೈಗೆ ತೆಗೆದುಕೊಂಡಳು. ಈ ದೇಶದಲ್ಲಿ ರಜೆ ಭಾನುವಾರವಲ್ಲ, ಶುಕ್ರವಾರ. ಹಾಗಾಗಿ ಇಗರ್ಜಿ ತುಂಬುವುದೂ ಶುಕ್ರವಾರವೇ. ಅದನ್ನು ಅತ್ತೆಗೆ ಬಿಡಿಸಿ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ವಾರಕ್ಕೊಂದರ ಗುಳಿಗೆ ವಾರಕ್ಕೆರಡಾಗಿ ಆ ಒಣಕಲು ಮೈಯನ್ನು ಒಳಗಿನಿಂದ ಸುಡುತ್ತಿತ್ತು.

"ಇನ್ನಷ್ಟು ತಡವಾಗಿದ್ದರೆ ಜೀವಕ್ಕೇ ಅಪಾಯವಿತ್ತು" ಎಂದು ಆಸ್ಪತ್ರೆಯಲ್ಲಿ ಹೇಳಿದರು. ಹುಣ್ಣು ಮಾಯುವವರೆಗೆ ಅಲ್ಲೇ ಇಟ್ಟುಕೊಂಡರು.

ಮನೆಗೆ ಬಂದ ಸಂಜೆ ಜೇನ್ ಗುಳಿಗೆಗಳನ್ನೆಲ್ಲ ಕಪಾಟಿನಲ್ಲಿಟ್ಟು ಬೀಗ ತಿರುಗಿಸಿದಳು. ಆ ಸದ್ದಿಗೆ ಡೊರೊತಿಯಮ್ಮ ತಲೆಯೆತ್ತಿದಳು.

"ಹಾಕು ಮಗಾ, ಗುಳಿಗೆಗೆ ಬೀಗ ಹಾಕು. ನನಗೆ ಹಾಕಬೇಡ."

"ಮತ್ತೆ ದಾರಿ ತಪ್ಪಿದ್ರೆ?" ಎಂದ ಸ್ಟ್ಯಾನ್ಲಿ, ನೆಲ ನೋಡುತ್ತ.

"ಹೊರಗೆ ಹೋಗಿ ದಾರಿ ಒಂದೇ ತಪ್ಪಿತ್ತು ಬಾಬಾ. ಒಳಗೆ ಕೂತು ದಿನವೇ ತಪ್ಪಿಹೋಯ್ತು."

ಬೆಳಿಗ್ಗೆ ಅವರು ಹೊರಟರು; ಬೀಗ ಎಂದಿನಂತೆ ಬಿದ್ದಿತು. ಡೊರೊತಿಯಮ್ಮ ದೇವರನ್ನೂ ಕೇಳದೆ ಸುಮ್ಮನೆ ಜಪಸರ ಕೈಗೆತ್ತಿಕೊಂಡಳು. ಮಣಿಗಳು ಇನ್ನೂ ಅರ್ಧ ಸರಿದಿರಲಿಲ್ಲ, ಬೀಗ ಮತ್ತೆ ಸದ್ದು ಮಾಡಿತು. ಬಾಗಿಲು ತಳ್ಳಿ ನಫೀಸತ್ ಒಳಬಂದಳು. ಅವಳ ಕೈಯಲ್ಲಿ ಬಾಗಿಲಿನದೊಂದು, ಕಪಾಟಿನದೊಂದು ಕೀಲಿ.

"ಜೇನಮ್ಮ ಕೊಟ್ಟು ಹೋದ್ರು. ಇನ್ನು ಗುಳಿಗೆ ನನ್ನ ಕೈಯಿಂದ. ಆಮೇಲೆ ಕೆಳಗೆ ಹೋಗಿ ಸ್ವಲ್ಪ ಗಾಳಿ ತಗೊಳ್ಳುವ. ಅದಕ್ಕೆ ಮೊದಲು ಹೇಳಿ ಬಾಯಮ್ಮ, ಇವತ್ತು ಯಾವ ವಾರ?"

ಡೊರೊತಿಯಮ್ಮ ಒಳ್ಳೆಯ ಸೀರೆ ಇದ್ದ ಕಪಾಟನ್ನು ನೋಡಿದಳು, ಅದು ಮುಚ್ಚಿತ್ತು. ಬಾಗಿಲಾಚೆಯ ಮೆಟ್ಟಿಲ ಕಡೆ ನೋಡಿದಳು.

"ಪೂಜೆಯ ದಿನ ಅಲ್ಲ," ಎಂದಳು ನಿಧಾನವಾಗಿ. "ಆದ್ರೂ ಬಾಗಿಲು ತೆರೆದುಂಟು."